ಬೆಕ್ಕಿನ ಬಾಲದ ‘ಆ’ ಮತ್ತು ಶಿಕಾಗೋದ ಶನಿವಾರದ ಶಾಲೆಗಳು

‘ಆಲಾ ಮಾ ಕೊತಾ.’ ಪೋಲೆಂಡಿನಲ್ಲಿ ಅಕ್ಷರ ಕಲಿತ ಯಾರನ್ನೇ ಕೇಳಿ, ಈ ಮೂರು ಪದ ಬಾಯಿಪಾಠ. ಆಲಾ ಅನ್ನೋ ಹುಡುಗಿ ಹತ್ತಿರ ಒಂದು ಬೆಕ್ಕಿದೆ, ಅಷ್ಟೇ. ನಮಗೆ ‘ಅ ಅರಸ, ಆ ಆನೆ’ ಇದ್ದ ಹಾಗೆ ಅವರಿಗೆ ಆಲಾಳ ಬೆಕ್ಕು. ಬರೀ ಬೆಕ್ಕಾದರೆ ‘ಕೊತ್’. ಅದು ಆಲಾ ಹತ್ತಿರ ಇದೆ ಅಂದ ತಕ್ಷಣ ‘ಕೊತಾ’ ಆಗುತ್ತದೆ, ನಮ್ಮ ‘ಬೆಕ್ಕು’ ‘ಬೆಕ್ಕನ್ನು’ ಆಗೋ ಥರ. ಪೋಲಿಷ್‌ನಲ್ಲೂ ಏಳು ವಿಭಕ್ತಿಗಳಿವೆ, ಹಾಗಾಗಿ ಕನ್ನಡದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಶಿಕಾಗೋದಲ್ಲಿ ಹುಟ್ಟಿದ ಪೋಲಿಷ್ ಮಗು ಎಡವೋದು ಸರಿಯಾಗಿ ಇಲ್ಲೇ. ‘ಆಲಾ ಮಾ ಕೊತ್’ ಅನ್ನುತ್ತದೆ. ಅಮೆರಿಕದ ಕನ್ನಡ ಮಕ್ಕಳು ‘ನನಗೆ ಹಸಿವು’ ಅನ್ನೋ ಬದಲು ‘ನಾನು ಹಸಿವು’ ಅನ್ನೋದನ್ನು ಕೇಳಿದ್ದೀರಲ್ಲ, ಅದೇ ಸಮಸ್ಯೆ. ಪದ ಉಳಿದಿದೆ, ಪದದ ಬಾಲ ಉದುರಿದೆ.

ಆ ಬಾಲ ಉದುರದ ಹಾಗೆ ನೋಡಿಕೊಳ್ಳೋಕೆ ಶಿಕಾಗೋ ಮತ್ತು ಅದರ ಹೊರವಲಯದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಸಾವಿರಾರು ಮಕ್ಕಳು ನಿದ್ದೆಗಣ್ಣಲ್ಲೇ ಕಾರು ಹತ್ತುತ್ತಾರೆ. ಐದು ದಿನ ಇಂಗ್ಲಿಷ್ ಶಾಲೆ, ಆರನೇ ದಿನ ಪೋಲಿಷ್ ಶಾಲೆ. ಮೂರ್ನಾಲ್ಕು ಗಂಟೆ ಭಾಷೆ, ಪೋಲೆಂಡಿನ ಚರಿತ್ರೆ, ಭೂಗೋಳ, ಬಹಳ ಕಡೆ ಧರ್ಮಪಾಠ. ಇದಕ್ಕೆ ‘ಸೊಬೊತ್ನ್ಯಾ ಷ್ಕೋವಾ’ ಅನ್ನುತ್ತಾರೆ, ಅಂದರೆ ಶನಿವಾರದ ಶಾಲೆ. ವಲಸೆ ಹೋದವರು ಮನೆಮಾತು ಉಳಿಸಿಕೊಳ್ಳೋ ಬಗ್ಗೆ ಮಾತು ಬಂದಾಗಲೆಲ್ಲ ಜನ ಇವರ ಕಡೆ ಬೊಟ್ಟು ಮಾಡುತ್ತಾರೆ. ‘ನೋಡಿ, 150 ವರ್ಷ ಆದರೂ ಬಿಟ್ಟಿಲ್ಲ.’

ಬಿಟ್ಟಿಲ್ಲ ಅನ್ನೋದು ಅರ್ಧ ಸತ್ಯ. ಬಿಟ್ಟವರು ಲಕ್ಷಗಟ್ಟಲೆ ಇದ್ದಾರೆ, ಅವರ ಜಾಗಕ್ಕೆ ಹೊಸಬರು ಬಂದು ಕೂತಿದ್ದರಿಂದ ಖಾಲಿಯಾಗಿದ್ದು ಕಾಣಲಿಲ್ಲ. ಈಗ ಹೊಸಬರು ಬರೋದು ನಿಂತಿದೆ. ಸಮಸ್ಯೆ ಇರೋದು ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಅನ್ನೋ ದೇಶ ನಕಾಶೆಯಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಹಂಚಿಕೊಂಡು ನುಂಗಿದ್ದರು. ದೇಶ ಇಲ್ಲದಾಗ ದೇಶದ ಕೆಲಸವನ್ನು ಭಾಷೆ ಮಾಡಬೇಕಾಯಿತು. 1901ರಲ್ಲಿ ಪ್ರಷ್ಯಾದ ಕೈಯಲ್ಲಿದ್ದ ವ್ಜೆಶ್ನ್ಯಾ ಅನ್ನೋ ಊರಲ್ಲಿ ಧರ್ಮಪಾಠಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡೋದಿಲ್ಲ ಅಂದ ಮಕ್ಕಳಿಗೆ ಮೇಷ್ಟ್ರುಗಳು ಬಾಸುಂಡೆ ಬರೋ ಹಾಗೆ ಬಾರಿಸಿದರು. ಐದಾರು ವರ್ಷದೊಳಗೆ ಆ ಮುಷ್ಕರ ಸುತ್ತಲಿನ ಶಾಲೆಗಳಿಗೆಲ್ಲ ಹಬ್ಬಿ ಹತ್ತಾರು ಸಾವಿರ ಮಕ್ಕಳು ಬಾಯಿ ಬಿಗಿಹಿಡಿದು ಕೂತರು. ರಷ್ಯಾದ ಪಾಲಿನ ವಾರ್ಸಾದಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಗುಟ್ಟಾಗಿ ನಡೆಯುತ್ತಿದ್ದ ‘ಹಾರುವ ವಿಶ್ವವಿದ್ಯಾಲಯ’ ಇತ್ತು. ಮುಂದೆ ಮೇರಿ ಕ್ಯೂರಿ ಆದ ಮರಿಯಾ ಸ್ಕ್ವೊಡೊವ್ಸ್ಕಾ ಓದಿದ್ದು ಅಲ್ಲೂ ಹೌದು. ಹಾಗಾಗಿ ಪೋಲಿಷರಿಗೆ ‘ಶಾಲೆ’ ಅಂದರೆ ಸುಮ್ನೆ ಮಗ್ಗಿ ಕಲಿಯೋ ಜಾಗ ಅಲ್ಲ. ಸರ್ಕಾರಕ್ಕೆ ಗೊತ್ತಾಗದ ಹಾಗೆ ಮನೆಯ ಮಾತು ಕಲಿಸೋ ಜಾಗವೂ ಹೌದು. ಈ ನೆನಪನ್ನು ಗಂಟು ಕಟ್ಟಿಕೊಂಡೇ ಅವರು ಹಡಗು ಹತ್ತಿದರು.

ಹಡಗು ಹತ್ತಿದ್ದು ಮಾತ್ರ ಹೊಟ್ಟೆಪಾಡಿಗೆ. ‘ಜಾ ಹ್ಲೆಬೆಮ್’ ಅನ್ನೋದು ಅವರ ಮಾತು, ‘ರೊಟ್ಟಿ ಹುಡುಕ್ಕೊಂಡು’. ಮೊದಲ ಮಹಾಯುದ್ಧಕ್ಕೆ ಮುಂಚೆ ಹೀಗೆ ಬಂದವರಲ್ಲಿ ಬಹಳ ಜನ ಹಳ್ಳಿಗರು. ಶಿಕಾಗೋದ ಕಸಾಯಿಖಾನೆ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದರು. ಇವರು ಕಟ್ಟಿದ ಮೊದಲ ಸಂಸ್ಥೆ ಚರ್ಚು. 1867ರಲ್ಲಿ ಶುರುವಾದ ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾ ಚರ್ಚಿಗೆ 1890ರ ದಶಕದಲ್ಲಿ ಸುಮಾರು 40 ಸಾವಿರ ಜನ ಸೇರಿದ್ದರು. ಒಂದೇ ಚರ್ಚು! ಪಕ್ಕದಲ್ಲೇ ಶಾಲೆ, ಪಾಠ ಪೋಲಿಷ್‌ನಲ್ಲಿ.

ಎರಡನೆಯದು ವಿಮಾ ಸಂಘ. ಇದನ್ನು ಕೇಳಿದರೆ ಯಾರಿಗೂ ರೋಮಾಂಚನ ಆಗೋದಿಲ್ಲ, ಆದರೆ ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಇದೇ. 1880ರಲ್ಲಿ ಹುಟ್ಟಿದ ಪೋಲಿಷ್ ನ್ಯಾಷನಲ್ ಅಲಯನ್ಸ್ ಹೆಸರಿಗೆ ರಾಷ್ಟ್ರೀಯ ಸಂಘ, ಹೊಟ್ಟೆಯೊಳಗೆ ಜೀವವಿಮೆ. ಕಾರ್ಖಾನೆಯಲ್ಲಿ ಕೈ ಕತ್ತರಿಸಿಕೊಂಡರೆ, ಸತ್ತರೆ, ಮಣ್ಣು ಮಾಡೋಕೆ ದುಡ್ಡು ಬೇಕಲ್ಲ. ತಿಂಗಳಿಗಿಷ್ಟು ಅಂತ ಕಟ್ಟುತ್ತಿದ್ದರು. ಆ ಸಣ್ಣ ಕಂತುಗಳು ಸೇರಿ ಪತ್ರಿಕೆ ಆಯಿತು, ಗ್ರಂಥಾಲಯ ಆಯಿತು, 1912ರಲ್ಲಿ ಪೆನ್ಸಿಲ್ವೇನಿಯಾದ ಕೇಂಬ್ರಿಡ್ಜ್ ಸ್ಪ್ರಿಂಗ್ಸ್‌ನಲ್ಲಿ ಅಲಯನ್ಸ್ ಕಾಲೇಜೇ ಆಯಿತು. ಉದ್ಘಾಟನೆಗೆ ಅಮೆರಿಕದ ಅಧ್ಯಕ್ಷ ಟ್ಯಾಫ್ಟ್ ಬಂದಿದ್ದರು. ಗಂಡಸರ ಸಂಘದಲ್ಲಿ ತಮಗೆ ಜಾಗ ಇಲ್ಲ ಅಂತ ಹೆಂಗಸರು 1898ರಲ್ಲಿ ತಮ್ಮದೇ ಪೋಲಿಷ್ ವಿಮೆನ್ಸ್ ಅಲಯನ್ಸ್ ಕಟ್ಟಿಕೊಂಡರು, ಅದರಲ್ಲೂ ವಿಮೆ ಇತ್ತು. ಭಾಷಾಪ್ರೇಮದ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ದುಡ್ಡು ಬೀಳೋದಿಲ್ಲ. ಹೆಣಕ್ಕೆ ಪೆಟ್ಟಿಗೆ ಕೊಡಿಸೋ ಸಂಘಕ್ಕಾದರೆ ಜಿಪುಣನೂ ತಿಂಗಳಾ ಕಟ್ಟುತ್ತಾನೆ. ಸಂಸ್ಕೃತಿ ಅದರ ಬೆನ್ನ ಮೇಲೆ ಕೂತು ಸವಾರಿ ಮಾಡಿತು.

ಇಷ್ಟೆಲ್ಲ ಇದ್ದೂ ಮೊದಲ ಅಲೆಯ ಭಾಷೆ ಎರಡು ತಲೆಮಾರಲ್ಲಿ ಕರಗಿತು. 1916ರ ಸುಮಾರಿಗೆ ಶಿಕಾಗೋದ ಆರ್ಚ್‌ಬಿಷಪ್ ಮುಂಡಲೈನ್ ತಮ್ಮ ಕೈಕೆಳಗಿನ ಚರ್ಚ್ ಶಾಲೆಗಳಲ್ಲಿ ಪಾಠಗಳು ಇಂಗ್ಲಿಷ್‌ನಲ್ಲೇ ಆಗಬೇಕು ಅಂದರು, ಮನೆಮಾತಿಗೆ ಧರ್ಮಪಾಠ ಮತ್ತು ಓದಿನ ಮೂಲೆ ಉಳಿಯಿತು. ಯುದ್ಧದ ಕಾಲ, ‘ನೀವು ಅಮೆರಿಕನ್ನರೋ ಅಲ್ಲವೋ’ ಅನ್ನೋ ಪ್ರಶ್ನೆ ಬೀದಿಯಲ್ಲೇ ಇತ್ತು. ಆದರೆ ಪೂರ್ತಿ ಬಿಷಪ್ಪರ ತಲೆಗೆ ಕಟ್ಟೋದೂ ಸರಿಯಲ್ಲ. ಅಪ್ಪ ಅಮ್ಮಂದಿರೇ ಮಕ್ಕಳು ಕಸಾಯಿಖಾನೆಯಿಂದ ಮೇಲೆ ಹೋಗಲಿ ಅಂತ ಇಂಗ್ಲಿಷ್ ಬಯಸಿದರು. ನಮ್ಮೂರಿನ ಇಂಗ್ಲಿಷ್ ಮೀಡಿಯಂ ಕತೆಗಿಂತ ಬೇರೆ ಏನೂ ಅಲ್ಲ ಅದು. ಅಲಯನ್ಸ್ ಕಾಲೇಜು 1987ರಲ್ಲಿ ಮುಚ್ಚಿತು. ಅದರ ಪೋಲಿಷ್ ಪುಸ್ತಕಗಳು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದವು. ಆ ಆವರಣ ಇವತ್ತು ಹೆಂಗಸರ ಜೈಲು.

ಹಾಗಿದ್ದರೆ ಶನಿವಾರದ ಶಾಲೆಗಳು ಎಲ್ಲಿಂದ ಬಂದವು? ಅವು ಹಳೆಯ ಚರ್ಚ್ ಶಾಲೆಗಳ ಮುಂದುವರಿಕೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಶಿಕಾಗೋ ಮಟ್ಟಿಗೆ ಇವನ್ನು ಬೆಳೆಸಿದ್ದು ಬೇರೆಯೇ ಜನ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಕಮ್ಯುನಿಸ್ಟ್ ಪೋಲೆಂಡಿಗೆ ವಾಪಸ್ ಹೋಗೋಕೆ ಆಗದೆ ಯುರೋಪಿನ ನಿರಾಶ್ರಿತ ಶಿಬಿರಗಳಲ್ಲಿ ಉಳಿದಿದ್ದವರಿಗೆ 1948ರ ಕಾಯ್ದೆಯಿಂದ ಅಮೆರಿಕದ ಬಾಗಿಲು ತೆರೆಯಿತು. ಸೈನ್ಯದ ಅಧಿಕಾರಿಗಳು, ಮೇಷ್ಟ್ರುಗಳು, ಓದಿಕೊಂಡವರು ಬಂದರು. ಬಂದು ನೋಡಿದರೆ ಇಲ್ಲಿನ ಪೋಲಿಷರು ಮಾತಾಡೋದು ಬೇರೆಯೇ ಭಾಷೆ! ಟ್ರಕ್ಕಿಗೆ ‘ತ್ರೋಕ್’, ಅಂಗಡಿಗೆ ‘ಶ್ತೋರ್’, ನೆಲಮಾಳಿಗೆಗೆ ‘ಬೇಜ್ಮೆಂತ್’, ಕಾರಿಗೆ ‘ಕಾರಾ’. ಪೋಲೆಂಡಿನ ಪೋಲಿಷ್‌ನಲ್ಲಿ ‘ಕಾರಾ’ ಅಂದರೆ ಶಿಕ್ಷೆ. ‘ನಾನು ಹೊಸ ಶಿಕ್ಷೆ ಕೊಂಡುಕೊಂಡೆ’ ಅಂತ ಒಬ್ಬ ಹೆಮ್ಮೆಯಿಂದ ಹೇಳಿದರೆ ಹೊಸಬರ ಮುಖ ಹೇಗಾಗಿರಬೇಡ. ಹಳಬರಿಗೆ ಇವರು ಕೊಬ್ಬಿದವರು, ಇವರಿಗೆ ಹಳಬರು ಹಳ್ಳಿಗಮಾರರು. ಈ ಜಗಳದ ನಡುವೆಯೇ 1950ರ ದಶಕದಲ್ಲಿ ಶನಿವಾರದ ಶಾಲೆಗಳು ಬೇರು ಬಿಟ್ಟವು. ಅದರ ಗುರಿ ಸ್ಪಷ್ಟವಾಗಿತ್ತು: ಪೋಲೆಂಡ್ ಬಿಡುಗಡೆಯಾದ ದಿನ ಮಕ್ಕಳು ವಾಪಸ್ ಹೋಗಿ ಅಲ್ಲಿನ ತರಗತಿಯಲ್ಲಿ ಕೂರೋ ಹಾಗಿರಬೇಕು.

ಯಾರೂ ವಾಪಸ್ ಹೋಗಲಿಲ್ಲ ಅನ್ನಿ. ಆದರೆ ಆ ಗುರಿ ಪಠ್ಯಕ್ರಮದೊಳಗೆ ಕೂತುಬಿಟ್ಟಿತು, ಈಗಲೂ ಎದ್ದಿಲ್ಲ.

ಆ ಮಕ್ಕಳೂ ಇಂಗ್ಲಿಷಿಗೆ ಜಾರೋ ಹೊತ್ತಿಗೆ ಇನ್ನೊಂದು ಅಲೆ ಬಂತು. 1981ರ ಡಿಸೆಂಬರ್ 13ಕ್ಕೆ ಪೋಲೆಂಡಿನಲ್ಲಿ ಸೈನಿಕ ಆಡಳಿತ ಹೇರಿದರು, ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಎದ್ದಿದ್ದ ಕಾರ್ಮಿಕರ ‘ಸಾಲಿಡಾರಿಟಿ’ ಚಳವಳಿಯವರು ಎಷ್ಟೋ ಜನ ದೇಶ ಬಿಟ್ಟರು. ಅವರ ಜೊತೆಗೂ ಅವರ ಹಿಂದೆಯೂ ‘ವಕತ್ಸ್ಯುಶೆ’ಗಳು. ಅಂದರೆ ‘ರಜೆಗೆ ಬಂದವರು’. ಪ್ರವಾಸಿ ವೀಸಾದಲ್ಲಿ ಬಂದು, ಮನೆ ಒರೆಸಿ, ಗೋಡೆ ಕಟ್ಟಿ, ಡಾಲರ್ ಕೂಡಿಸಿ, ಎಷ್ಟೋ ಜನ ಇಲ್ಲೇ ಉಳಿದುಬಿಟ್ಟವರು. ಸೇಂಟ್ ಹಯಸಿಂತ್ ಚರ್ಚಿನ ಸುತ್ತಲಿನ ಬೀದಿಗಳಿಗೆ ‘ಯಾತ್ಸ್ಕೊವೊ’ ಅಂತಲೇ ಹೆಸರಾಯಿತು, ಹಯಸಿಂತ್‌ಗೆ ಪೋಲಿಷ್‌ನಲ್ಲಿ ಯಾತ್ಸೆಕ್ ಅನ್ನುತ್ತಾರಲ್ಲ, ಅದಕ್ಕೆ. ಆ ಕಾಲದಲ್ಲಿ ಮಿಲ್ವಾಕೀ ಅವೆನ್ಯೂನಲ್ಲಿ ಒಂದು ಪದ ಇಂಗ್ಲಿಷ್ ಇಲ್ಲದೆ ಸಾಸೇಜ್ ಕೊಳ್ಳಬಹುದಿತ್ತು, ಹಲ್ಲು ಕೀಳಿಸಬಹುದಿತ್ತು, ವಕೀಲರ ಹತ್ತಿರ ಜಗಳ ಆಡಬಹುದಿತ್ತು. ಶನಿವಾರದ ಶಾಲೆಗಳು ತುಂಬಿ ತುಳುಕಿದವು.

ಈ ಮೂರು ಅಲೆಯನ್ನು ಒಂದರ ಹಿಂದೆ ಒಂದು ಇಟ್ಟು ನೋಡಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಜನಗಣತಿ ಇಲಾಖೆಯ ಲೆಕ್ಕದಲ್ಲಿ ಮನೆಯಲ್ಲಿ ಪೋಲಿಷ್ ಮಾತಾಡೋರು 1980ರಲ್ಲಿ 8.2 ಲಕ್ಷ, 1990ರಲ್ಲಿ 7.2 ಲಕ್ಷ, 2000ದಲ್ಲಿ 6.7 ಲಕ್ಷ, 2011ರ ಹೊತ್ತಿಗೆ 6.1 ಲಕ್ಷ. ಸಾಲಿಡಾರಿಟಿಯ ಅಲೆ ಜೋರಾಗಿ ಬರುತ್ತಿದ್ದಾಗಲೂ ಸಂಖ್ಯೆ ಇಳೀತಾನೇ ಇತ್ತು! ತೂತಿನ ಕೊಡಕ್ಕೆ ನಲ್ಲಿ ಹಿಡಿದಿದ್ದರು, ನಲ್ಲಿ ಜೋರಿದ್ದಿದ್ದಕ್ಕೆ ತೂತು ಕಣ್ಣಿಗೆ ಬೀಳಲಿಲ್ಲ. ಇತ್ತ ‘ನಮ್ಮ ಮೂಲ ಪೋಲಿಷ್’ ಅಂತ ಬರೆಸೋರು ಎಷ್ಟು ಗೊತ್ತಾ? ಸುಮಾರು 90 ಲಕ್ಷ.

ಈಗ ನಲ್ಲಿ ನಿಂತಿದೆ. 2004ರ ಮೇ 1ಕ್ಕೆ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿತು. ಎರಡೂವರೆ ಗಂಟೆ ವಿಮಾನ ಹತ್ತಿದರೆ ಲಂಡನ್, 2020ರ ಕೊನೆಯವರೆಗೆ ಅಲ್ಲಿ ಕದ್ದುಮುಚ್ಚಿ ಇರಬೇಕಿರಲಿಲ್ಲ, ಸಂಬಳ ಪೌಂಡಿನಲ್ಲಿ. ಶಿಕಾಗೋಗೆ ಯಾರು ಬರುತ್ತಿದ್ದರು? 2019ರ ನವೆಂಬರಿನಲ್ಲಿ ಅಮೆರಿಕ ಪೋಲಿಷರಿಗೆ ಪ್ರವಾಸಿ ವೀಸಾನೇ ಬೇಡ ಅಂತ ಮಾಡಿತು. ಬೇಕಿದ್ದಾಗ ಕೊಡಲಿಲ್ಲ, ಬೇಡವಾದಾಗ ಬಾಗಿಲು ತೆರೆದರು ಅಂತ ಅವರೇ ನಗಬೇಕು. ಪೋಲೆಂಡ್ ಈಗ ಕೆಲಸಕ್ಕೆ ಹೊರಗಿಂದ ಜನ ಬರೋ ದೇಶ. ಯಾತ್ಸ್ಕೊವೊದಲ್ಲಿ ಬಾಡಿಗೆ ಏರಿ ಪೋಲಿಷ್ ಅಂಗಡಿಗಳು ಒಂದೊಂದಾಗಿ ಕಮ್ಮಿಯಾದವು, ಕುಟುಂಬಗಳು ಹೊರವಲಯಕ್ಕೆ ಹೋದವು, ಶಾಲೆಗಳೂ ಅವರ ಹಿಂದೆಯೇ ಹೋದವು.

ಹಾಗಂತ ಶಾಲೆಗಳು ಪಾಳು ಬಿದ್ದಿವೆ ಅಂತಲ್ಲ, ಒಳಗೆ ಹೋದರೆ ಸಡಗರವೇ. ಬಹುಪಾಲು ಶಾಲೆಗಳಿಗೆ ಸ್ವಂತ ಕಟ್ಟಡ ಇಲ್ಲ, ಶನಿವಾರ ಖಾಲಿ ಇರೋ ಅಮೆರಿಕನ್ ಶಾಲೆಯನ್ನೋ ಚರ್ಚ್ ಶಾಲೆಯನ್ನೋ ಬಾಡಿಗೆಗೆ ಹಿಡಿಯುತ್ತಾರೆ. ಬೇರೆಯವರ ಕ್ಲಾಸಿನಲ್ಲಿ ಕೂತ ಅನುಭವ ಇದ್ದವರಿಗೆ ಗೊತ್ತು: ಡೆಸ್ಕಿನೊಳಗಿನ ಪೆನ್ಸಿಲ್ ಮುಟ್ಟಬಾರದು, ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದನ್ನು ಅಳಿಸಬಾರದು, ಹೋಗೋವಾಗ ಕುರ್ಚಿಗಳನ್ನು ಇದ್ದ ಹಾಗೇ ಇಡಬೇಕು. ಅಕ್ಟೋಬರ್ ಸುಮಾರಿಗೆ ಒಂದನೇ ಕ್ಲಾಸಿನ ಮಕ್ಕಳಿಗೆ ಒಂದು ಶಾಸ್ತ್ರ ಮಾಡುತ್ತಾರೆ. ಮುಖ್ಯೋಪಾಧ್ಯಾಯಿನಿ ಕೈಯಲ್ಲಿ ಮಗುವಿನಷ್ಟೇ ಉದ್ದದ ರಟ್ಟಿನ ಪೆನ್ಸಿಲ್. ಮಕ್ಕಳು ಸಾಲಾಗಿ ಬರುತ್ತಾರೆ, ಹಳೆಯ ರಾಜರು ಯೋಧರ ಹೆಗಲ ಮೇಲೆ ಕತ್ತಿ ಇಟ್ಟು ಪಟ್ಟ ಕಟ್ಟುತ್ತಿದ್ದ ಹಾಗೆ ಇವರು ಪುಟ್ಟ ಹೆಗಲಿಗೆ ಪೆನ್ಸಿಲ್ ಮುಟ್ಟಿಸಿ ‘ಇನ್ನು ನೀನು ವಿದ್ಯಾರ್ಥಿ’ ಅನ್ನುತ್ತಾರೆ. ನಮ್ಮ ಅಕ್ಷರಾಭ್ಯಾಸದಲ್ಲಿ ಅಕ್ಕಿ ಮೇಲೆ ಬೆರಳು ಹಿಡಿದು ಬರೆಸೋದು ನೆನಪಾಗುತ್ತದೆ, ಅಲ್ವಾ? ಹಿಂದೆ ಅಪ್ಪಂದಿರ ಫೋನುಗಳ ಗೋಡೆ. ದೊಡ್ಡ ಮಕ್ಕಳಿಗೆ ಇನ್ನೊಂದು ಗಮ್ಮತ್ತು: ಶಾಲೆಯ ಕೊನೇ ಪರೀಕ್ಷೆಗೆ 100 ದಿನ ಇದೆ ಅನ್ನುವಾಗ ನಡೆಯೋ ‘ಸ್ತುದ್ನ್ಯೂಫ್ಕಾ’ ಕೂಟ. ಉದ್ದ ಗೌನು, ಸೂಟು, ಜೋಡಿ ಜೋಡಿಯಾಗಿ ಪೊಲೊನೆಜ್ ನಡಿಗೆ. ಈ ಪೊಲೊನೆಜ್ 2023ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿತು. ಜೊತೆಗೆ ಕ್ರಿಸ್ಮಸ್ ಹೊತ್ತಿನ ನಾಟಕ, ನವಿಲುಗರಿಯ ಕೆಂಪು ಟೋಪಿ ಹಾಕಿ ಕುಣಿಯೋ ಕ್ರಾಕೊವ್ಯಾಕ್, ಮೇ ತಿಂಗಳಲ್ಲಿ 1791ರ ಸಂವಿಧಾನದ ನೆನಪಿನ ಮೆರವಣಿಗೆ.

ಇದೆಲ್ಲ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಒಂದು ಮಾತು ಹೇಳಲೇಬೇಕು. ಕುಣಿತಕ್ಕೆ ವಿಭಕ್ತಿ ಬೇಕಿಲ್ಲ. ಕ್ರಾಕೊವ್ಯಾಕ್ ಚೆನ್ನಾಗಿ ಕುಣಿಯೋ ಮಗು ಅಜ್ಜಿ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡಬಹುದು. ನಮ್ಮ ರಾಜ್ಯೋತ್ಸವದ ವೇದಿಕೆ ಮೇಲೆ ಕಂಸಾಳೆ ಕುಣಿದು ಇಳಿದ ಹುಡುಗ ‘ಅಮ್ಮಾ, ವಾಟರ್’ ಅನ್ನೋದಿಲ್ವಾ, ಹಾಗೆ. ಪ್ರದರ್ಶನ ಉಳಿದ ಮಾತ್ರಕ್ಕೆ ಮಾತು ಉಳೀತು ಅಂದುಕೊಳ್ಳೋದು ಎಲ್ಲ ವಲಸಿಗರೂ ಮಾಡೋ ಲೆಕ್ಕದ ತಪ್ಪು.

ಇದಕ್ಕೆ ಪುಲಾಸ್ಕಿ ರೋಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಶಿಕಾಗೋದ ಕ್ರಾಫರ್ಡ್ ಅವೆನ್ಯೂಗೆ 1933ರಲ್ಲಿ ಕಾಸಿಮಿರ್ ಪುಲಾಸ್ಕಿಯ ಹೆಸರಿಟ್ಟರು, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿ 1779ರಲ್ಲಿ ಸವಾನಾ ಕಾಳಗದಲ್ಲಿ ಗಾಯಗೊಂಡು ಪ್ರಾಣ ಬಿಟ್ಟ ಪೋಲಿಷ್ ದಂಡನಾಯಕ ಅವನು. ಬೀದಿಯ ಅಂಗಡಿಯವರು ಒಪ್ಪಲಿಲ್ಲ. ವ್ಯಾಜ್ಯ 1952ರವರೆಗೆ ಎಳೆಯಿತು. ಪೋಲಿಷರು ಗೆದ್ದರು. ಆದರೆ ಆ ಹೆಸರನ್ನು ಪೋಲಿಷ್‌ನಲ್ಲಿ ಹೇಳೋದು ‘ಪುವಾಸ್ಕಿ’ ಅಂತ. ಅದರಲ್ಲಿರೋದು ನಮ್ಮ ಲ ಅಲ್ಲ, ಹೊಟ್ಟೆಗೆ ಒಂದು ಗೀಟು ಹಾಕಿದ ಬೇರೆ ಅಕ್ಷರ, ಉಚ್ಚಾರ ‘ವ’ದ ಹತ್ತಿರ. ಬೋರ್ಡಿನಲ್ಲಿ ಆ ಗೀಟಿಲ್ಲ. 19 ವರ್ಷ ಕೋರ್ಟಿಗೆ ಅಲೆದು ಬೋರ್ಡು ಉಳಿಸಿಕೊಂಡರು, ಸದ್ದು ಕಳೆದುಕೊಂಡರು. ಇಲಿನಾಯ್ಸ್‌ನಲ್ಲಿ ಮಾರ್ಚ್ ಮೊದಲ ಸೋಮವಾರ ಅವನ ಹೆಸರಿನ ದಿನವೂ ಇದೆ. ವರ್ಷಗಟ್ಟಲೆ ಶಾಲೆಗಳಿಗೆ ರಜೆ ಇತ್ತು, ಯಾರ ರಜೆ ಅಂತ ಎಷ್ಟು ಮಕ್ಕಳಿಗೆ ಗೊತ್ತಿತ್ತೋ. ಜಯಂತಿ ರಜೆಗಳನ್ನು ಕಂಡ ನಮಗೆ ಹೇಳಬೇಕಾ?

ಹಾಗಾದರೆ ಮಾತು ಯಾವುದರಿಂದ ಉಳಿಯುತ್ತದೆ? ಹದಿನಾಲ್ಕು ವರ್ಷದ ಹುಡುಗನಿಗೆ ‘ಅಜ್ಜಿಗಾಗಿ ಕಲಿ’ ಅಂದರೆ ಶನಿವಾರದ ಫುಟ್‌ಬಾಲ್ ಗೆಲ್ಲುತ್ತದೆ. ಅವನ ಕೈಗೆ ಏನಾದರೂ ಸಿಗಬೇಕು. ಹಿಂದೆ ವಿಮೆ ಮಾಡಿದ ಕೆಲಸವನ್ನು ಈಗ ಅಂಕಪಟ್ಟಿ ಮಾಡುತ್ತದೆ. ಇಲಿನಾಯ್ಸ್ 2013ರಲ್ಲಿ ‘ಸೀಲ್ ಆಫ್ ಬೈಲಿಟರಸಿ’ ತಂದಿತು: ಹೈಸ್ಕೂಲ್ ಮುಗಿಸುವಾಗ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲೂ ಓದು, ಬರಹ, ಮಾತು ಬರುತ್ತದೆ ಅಂತ ಪರೀಕ್ಷೆಯಲ್ಲಿ ತೋರಿಸಿದರೆ ಸರ್ಟಿಫಿಕೇಟಿನ ಮೇಲೆ ಒಂದು ಮುದ್ರೆ. ಶನಿವಾರ ಕಲಿತ ಪೋಲಿಷ್ ಸೋಮವಾರದ ಶಾಲೆಯಲ್ಲಿ ಚಲಾವಣೆ ಆಗೋದು ಅಂದರೆ ಇದು.

ಇಂಗ್ಲೆಂಡಿನ ಪೋಲಿಷರಿಗೆ ಇದರ ಬೆಲೆ ಕಳೆದುಕೊಳ್ಳೋ ಹೊತ್ತಲ್ಲಿ ಗೊತ್ತಾಯಿತು. 2015ರಲ್ಲಿ ಅಲ್ಲಿನ ಪರೀಕ್ಷಾ ಮಂಡಳಿ ಎ-ಲೆವೆಲ್ (ನಮ್ಮ ಪಿಯುಸಿ ಥರದ್ದು) ಪೋಲಿಷ್ ಪರೀಕ್ಷೆ ನಿಲ್ಲಿಸುತ್ತೇವೆ ಅಂದಿತು, ಬಂಗಾಳಿ, ಪಂಜಾಬಿಯೂ ಅದೇ ಪಟ್ಟಿಯಲ್ಲಿದ್ದವು. ಶನಿವಾರದ ಶಾಲೆಗಳೂ ಪೋಷಕರೂ ಸುಮ್ನೆ ಕೂರಲಿಲ್ಲ, ಸಹಿ ಸಂಗ್ರಹಿಸಿದರು, ಸಂಸದರ ಬೆನ್ನು ಬಿದ್ದರು. ಮರುವರ್ಷ ಸರ್ಕಾರ ಪರೀಕ್ಷೆ ಉಳಿಸಿಕೊಂಡಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 6.12 ಲಕ್ಷ ಜನ ಪೋಲಿಷ್ ತಮ್ಮ ಮುಖ್ಯ ಭಾಷೆ ಅಂದಿದ್ದಾರೆ, ಆದರೂ ಪರೀಕ್ಷೆಗೆ ಬೀದಿಗಿಳಿಯಬೇಕಾಯಿತು ಅನ್ನೋದು ನೆನಪಿರಲಿ.

ಇಲ್ಲೊಂದು ಪಕ್ಕದ ಮಾತು, ನಮಗೆ ಹತ್ತಿರದ್ದು. ಸ್ಟಾಲಿನ್ ಸೈಬೀರಿಯಾ ಕಡೆ ಅಟ್ಟಿದ್ದ ಪೋಲಿಷ್ ಕುಟುಂಬಗಳಲ್ಲಿ ಸುಮಾರು 5 ಸಾವಿರ ಜನ, ಬಹುಪಾಲು ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ಇದ್ದದ್ದು ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ, ನಮ್ಮ ಬೆಳಗಾವಿಯಿಂದ ಎರಡು ಗಂಟೆ ದಾರಿ. ಸಾಲು ಸಾಲು ಬ್ಯಾರಕ್ಕುಗಳು. ನಾಳೆ ಎಲ್ಲಿ ಅಂತ ಗೊತ್ತಿಲ್ಲದ ಆ ಜಾಗದಲ್ಲೂ ಅವರು ಕಟ್ಟಿಕೊಂಡಿದ್ದು ಶಾಲೆ, ಚರ್ಚು, ಸ್ಕೌಟ್ ದಳ, ಗ್ರಂಥಾಲಯ, ನಾಟಕ. ಅವರಲ್ಲಿ ಅನೇಕರು ಆಮೇಲೆ ಇಂಗ್ಲೆಂಡಿಗೆ ಹೋದರು, ಲಂಡನ್ನಿನಲ್ಲಿ ‘ಭಾರತದ ಪೋಲಿಷರು’ ಅಂತ ಸಂಘವನ್ನೇ ಕಟ್ಟಿದರು. ಎಲ್ಲಿ ಇಳಿದರೂ ಮೊದಲು ಶಾಲೆ ಅನ್ನೋ ಚಾಳಿ ಎಷ್ಟು ಆಳದ್ದು ಅನ್ನೋದಕ್ಕೆ ಇದನ್ನು ಹೇಳಿದೆ.

ಆದರೆ ಆ ಚಾಳಿಯಲ್ಲೇ ಈಗಿನ ತೊಡಕೂ ಇದೆ. ವಳಿವಡೆಯ ಮಕ್ಕಳಿಗೆ ಮನೆಯಲ್ಲಿ ಪೋಲಿಷ್ ಇತ್ತು, ಶಾಲೆ ಅದಕ್ಕೆ ವ್ಯಾಕರಣ, ಚರಿತ್ರೆ ಸೇರಿಸುತ್ತಿತ್ತು. ಶಿಕಾಗೋದ ಶನಿವಾರದ ಶಾಲೆಯೂ ಅದೇ ನಂಬಿಕೆಯ ಮೇಲೆ ನಿಂತಿದೆ. ಈಗ ತರಗತಿಗೆ ಬರೋ ಮಗುವಿನ ತಾಯಿ ತಾನೇ ಶಿಕಾಗೋದಲ್ಲಿ ಹುಟ್ಟಿ ಇದೇ ಶಾಲೆಯಲ್ಲಿ ಓದಿದವಳು, ಅಪ್ಪ ಮೆಕ್ಸಿಕೋ ಮೂಲದವನೋ ಐರಿಷ್ ಮೂಲದವನೋ ಇರಬಹುದು. ಮನೆಯಲ್ಲಿ ಪೋಲಿಷ್ ಅಂದರೆ ‘ಬಾ, ತಿನ್ನು, ಮಲಗು’. ಆ ಮಗುವಿನ ಮುಂದೆ ಹತ್ತೊಂಬತ್ತನೇ ಶತಮಾನದ ದೇಶಭಕ್ತಿಯ ಪದ್ಯ ಇಟ್ಟರೆ ಅದು ಏನು ಮಾಡಬೇಕು? ಬಾಯಿಪಾಠ ಮಾಡುತ್ತದೆ, ವೇದಿಕೆಯಲ್ಲಿ ಒಪ್ಪಿಸುತ್ತದೆ, ಅಮ್ಮ ಅಳುತ್ತಾಳೆ, ಅರ್ಥ ಮಾತ್ರ ಯಾರನ್ನೂ ಮುಟ್ಟಿರುವುದಿಲ್ಲ.

ಶಿಕ್ಷಕರ ನಡುವೆ ಈಗ ನಡೆದಿರೋ ಚರ್ಚೆ ಇದೇ. ಒಂದು ಕಡೆಯವರು ಪೋಲೆಂಡಿನ ಮಟ್ಟ ಇಳಿಸಬಾರದು ಅನ್ನುತ್ತಾರೆ, ಇಳಿಸಿದರೆ ಶಾಲೆ ಯಾಕೆ, ಕುಣಿತದ ಕ್ಲಾಸೇ ಸಾಕು ಅಂತ. ಇನ್ನೊಂದು ಕಡೆಯವರು ‘ಬಳುವಳಿಯಾಗಿ ಬಂದ ಭಾಷೆ’ ಅಂತ ಬೇರೆ ವಿಧಾನವೇ ಬೇಕು ಅನ್ನುತ್ತಾರೆ: ಮಗುವಿನ ಕಿವಿಗೆ ಪೋಲಿಷ್ ಗೊತ್ತು, ನಾಲಿಗೆಗೆ ಅರ್ಧ ಗೊತ್ತು, ಕೈಗೆ ಗೊತ್ತೇ ಇಲ್ಲ, ಆ ಅಂತರ ನೋಡಿಕೊಂಡು ಕಲಿಸಿ. ನನ್ನ ಮತ ಎರಡನೆಯವರಿಗೆ. ಮೊದಲ ಗುಂಪಿನ ಭಯ ಸುಳ್ಳಲ್ಲ, ಮಟ್ಟ ಸಡಿಲ ಬಿಟ್ಟ ಶಾಲೆ ಬೇಗ ಆಟದ ಮನೆ ಆಗಿಬಿಡುತ್ತದೆ. ಆದರೆ ಅವರು ಕಾಯುತ್ತಿರೋ ಮಗು, ಅಂದರೆ ವಿಮಾನ ಇಳಿದು ನೇರ ಕ್ಲಾಸಿಗೆ ಬಂದು ‘ಕೊತಾ’ ಅಂತ ಸರಿಯಾಗಿ ಹೇಳೋ ಮಗು, ಇನ್ನು ಬರೋದಿಲ್ಲ. ಪಾಠ ಮಾಡಬೇಕಿರೋದು ಎದುರಿಗೆ ಕೂತಿರೋ ಮಗುವಿಗೆ ತಾನೇ?

ಶಿಕಾಗೋದಲ್ಲೇ ವಿದ್ಯಾರಣ್ಯ ಕನ್ನಡ ಕೂಟ ಇದೆ, 2008ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ಸಮ್ಮೇಳನ ನಡೆದದ್ದೂ ಅದೇ ಊರಲ್ಲಿ. ಅಮೆರಿಕದ ಕನ್ನಡದವರ ಮಟ್ಟಿಗೆ ನಲ್ಲಿ ಇನ್ನೂ ಜೋರಾಗಿದೆ. ಪ್ರತಿ ವರ್ಷ ಬೆಂಗಳೂರಿಂದ ಹೊಸ ಎಂಜಿನಿಯರುಗಳು, ಹೊಸ ಮಕ್ಕಳು, ಆರು ತಿಂಗಳಿಗೆ ಬಂದು ಹೋಗೋ ಅಜ್ಜಿ ತಾತಂದಿರು. ಪೋಲಿಷರ 1985 ಇದ್ದ ಹಾಗೆ ಕಾಣುತ್ತದೆ ನನಗೆ. ತೂತು ನೋಡೋಕೆ ಇದು ಒಳ್ಳೆಯ ಸಮಯ, ಕೊಡ ತುಂಬಿದಾಗ ಯಾರೂ ನೋಡೋದಿಲ್ಲ ಅನ್ನೋದು ಬೇರೆ ಮಾತು.

ಇನ್ನು ಆ 90 ಲಕ್ಷ ಜನ. ಮೊದಲ ಅಲೆಯವರ ಮರಿಮಕ್ಕಳು, ಅವರ ಮಕ್ಕಳು. ಪಿಯೆರೋಗಿ ಅನ್ನೋ ಕಡುಬು ತಿನ್ನುತ್ತಾರೆ, ಮೇ ತಿಂಗಳ ಮೆರವಣಿಗೆಗೆ ಬಂದು ಬಾವುಟ ಬೀಸುತ್ತಾರೆ, ಒಂದು ವಾಕ್ಯ ಬರೋದಿಲ್ಲ. ಶನಿವಾರದ ಶಾಲೆಗಳನ್ನು ಕಟ್ಟಿದ್ದು ಇವರಿಗಾಗಿ ಅಲ್ಲ. ಕೆಲವು ಕಡೆ ದೊಡ್ಡವರಿಗೆ, ಪೋಲಿಷರನ್ನು ಮದುವೆಯಾದವರಿಗೆ ತರಗತಿಗಳಿವೆ, ಆದರೆ ಮುಖ್ಯ ಸಭಾಂಗಣದ ದೊಡ್ಡ ಪೆನ್ಸಿಲ್ ಅವರ ಹೆಗಲಿಗೆ ಮುಟ್ಟೋದಿಲ್ಲ. ಹೊಸಬರು ಬರದ ಕಾಲದಲ್ಲಿ ಖಾಲಿ ಬೆಂಚು ತುಂಬೋಕೆ ಉಳಿದಿರೋರು ಇವರೇ. ಇವರಿಗೆ ಆಲಾಳ ಬೆಕ್ಕಿಂದ ಶುರು ಮಾಡಬೇಕಿಲ್ಲ. ನಾನಾಗಿದ್ದರೆ ಮೊದಲ ದಿನ ಅವರವರ ಮನೆತನದ ಹೆಸರನ್ನೇ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ವಲಸೆ ಬಂದ ಮೇಲೆ ಉದುರಿಹೋದ ಗೀಟುಗಳನ್ನೂ ಬಾಲಗಳನ್ನೂ ಒಂದೊಂದಾಗಿ ವಾಪಸ್ ಹಾಕಿಸಿ, ಮುತ್ತಜ್ಜಿ ಹೇಗೆ ಕರೆಯುತ್ತಿದ್ದಳೋ ಹಾಗೆ ಜೋರಾಗಿ ಓದಿಸುತ್ತಿದ್ದೆ. ಆಮೇಲೆ ಕಾರು ಹತ್ತಿ ಪುಲಾಸ್ಕಿ ರೋಡಿನಲ್ಲಿ ಮನೆಗೆ ಹೋಗುವಾಗ ಸಿಗ್ನಲ್ಲಿನ ಹಸಿರು ಬೋರ್ಡನ್ನು ಅವರು ಹೇಗೆ ಓದುತ್ತಾರೋ ನೋಡಬಹುದಿತ್ತು.